ಎಡಕ್ಕೆ ಕೆಲಸ, ಬಲಕ್ಕೆ ಬಾಯಿ

ಮಂಗಳವಾರ, ಮಧ್ಯಾಹ್ನ
ಅಂಗಡಿಯ ಮೇಲಿನ ಕೋಣೆ

ಪ್ರೀತಿಯ ಅಕ್ಕಾ,

ನಾನು ಚೀನೀ ಅಕ್ಷರದಲ್ಲಿ ಬರೆದ ಚೀಟಿ ಓದಿ ಚಿಕ್ಕಮಾವ ಕನ್ನಡಕ ಮಾಡಿಕೊಟ್ಟರು, ಮತ್ತು ಅದು ಸರಿಯಾಗಿ ಬಂತು. ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕು ಅಂತ ಬೆಳಿಗ್ಗೆಯಿಂದ ತಡೆದುಕೊಂಡು ಕೂತಿದ್ದೆ. ಗಿರಾಕಿ ಒಬ್ಬಳು ಹೊಲಿಗೆಯಾಕೆ. ಕನ್ನಡಕ ಹಾಕಿಕೊಂಡಳು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು, ನಮ್ಮ ಕೌಂಟರಿನ ಮುಂದೆಯೇ ನಿಂತು ದಾರ ಪೋಣಿಸಿಬಿಟ್ಟಳು. ಅತ್ತೆ ನನ್ನ ಕಡೆ ನೋಡಲಿಲ್ಲ. ಆದರೆ ಚೀಟಿಗಳ ಕಟ್ಟನ್ನು ತಮ್ಮ ಮುಂದಿನಿಂದ ತೆಗೆದು ನನ್ನ ಮುಂದೆ ಇಟ್ಟರು. ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ ಅಂತ ಇವರು ಹೇಳಿದರು. (‘ಇವರು’ ಅಂತ ಬರೆದದ್ದಕ್ಕೆ ನೀನು ನಗುತ್ತೀಯ. ನಗು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳಿಗೂ ಮದುವೆಯಾದ ಮೇಲೆ ನಾಲಿಗೆ ಹೇಗೆ ಹೊರಳುತ್ತದೋ ನೋಡು.)

ತಡವಾಗಿದ್ದಕ್ಕೆ ಬೈಯಬೇಡ, ಅಥವಾ ಒಂದು ಸಲ ಬೈದು ಮುಗಿಸಿಬಿಡು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ, ತಲೆಯೊಳಗೆ ಎಲ್ಲೋ ರಕ್ತ ಹೆಪ್ಪುಗಟ್ಟಿ ಓದುವುದೊಂದು ಹೊರಟುಹೋಗಿದೆ, ಬರೆಯುವುದು ಮಾತ್ರ ಉಳಿದಿದೆ ಎಂದು ಡಾಕ್ಟರು ಹೇಳಿದ್ದನ್ನು ನೀನು ಬರೆದಿದ್ದೆ. ‘ನೀನು ಬರ್ತೀಯೋ ಇಲ್ವೋ, ಅಷ್ಟು ಬರಿ ಸಾಕು’ ಎಂದು ಕೇಳಿದ್ದೆ. ಆ ಮಾತಿಗೆ ಬರುತ್ತೇನೆ, ತಾಳು. ಅದಕ್ಕೆ ಮೊದಲು ನಿಘಂಟಿನ ಕಥೆ ಹೇಳಬೇಕು. ಯಾಕೆಂದರೆ ನಿನ್ನ ಕಾಗದ ಓದಿದ ದಿನ ನಾನು ಅಳಲಿಲ್ಲ ಅಕ್ಕಾ. ನಿಘಂಟು ಕೊಳ್ಳಲು ಹೋದೆ.

ನಿನಗೆ ಅಂಗಡಿ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ. ಮುಂದೆ ಕೌಂಟರು, ಪಕ್ಕದ ಕತ್ತಲೆ ಕೋಣೆಯಲ್ಲಿ ಇವರು ಕಣ್ಣು ಪರೀಕ್ಷೆ ಮಾಡುತ್ತಾರೆ. ಹಿಂದಿನ ಕೋಣೆಯಲ್ಲಿ ಚಿಕ್ಕಮಾವ, ಅಂದರೆ ಅತ್ತೆಯ ಮೈದುನ, ಗಾಜು ಉಜ್ಜುವ ಯಂತ್ರದ ಮುಂದೆ ಕೂತಿರುತ್ತಾರೆ. ಆ ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಕೇಳಿಸಿಕೊಳ್ಳುವ ಆಸೆಯೂ ಅವರಿಗಿಲ್ಲ. ಹಾಗಾಗಿ ಎಲ್ಲ ಚೀಟಿಯಲ್ಲೇ. ಇವರು ಒಳಗಿನಿಂದ ನಂಬರು ಕೂಗುತ್ತಾರೆ, ಅತ್ತೆ ಎಡಗಣ್ಣು, ಬಲಗಣ್ಣು, ದೂರಕ್ಕೆ, ಹತ್ತಿರಕ್ಕೆ, ಯಾವ ಬಗೆಯ ಗಾಜು ಎಂದು ಚೀನೀ ಅಕ್ಷರದಲ್ಲಿ ಬರೆದು ಗೋಡೆಯ ಕಿಂಡಿಯೊಳಗೆ ತಳ್ಳುತ್ತಾರೆ. ಅತ್ತೆ ನಮ್ಮ ಮಾತನ್ನು ನನಗಿಂತ ಖಾರವಾಗಿ ಆಡುತ್ತಾರೆ, ಆದರೆ ಬರೆಯಲು ಕಲಿತದ್ದು ಚೀನಾದಿಂದ ಬಂದ ಅವರ ಹಿರಿಯರ ಅಕ್ಷರ ಮಾತ್ರ. ಚಿಕ್ಕಮಾವನೂ ಹಾಗೆಯೇ. ಮದುವೆಯಾಗಿ ಬಂದು ಅಷ್ಟು ದಿನ ನಾನು ಕೌಂಟರಿನಲ್ಲಿ ಶೋಕೇಸಿನ ಗೊಂಬೆಯಂತೆ ನಿಂತಿದ್ದೆ. ಗಿರಾಕಿಗೆ ಕನ್ನಡಿ ಹಿಡಿಯುವುದು, ‘ತುಂಬಾ ಒಪ್ಪುತ್ತೆ ಸಾರ್’ ಎನ್ನುವುದು, ಇಷ್ಟೇ ಕೆಲಸ. ಮೂಗು ದಪ್ಪ ಇರುವವರಿಗೂ ಒಪ್ಪುತ್ತೆ, ಮೂಗೇ ಇಲ್ಲದಂಥವರಿಗೂ ಒಪ್ಪುತ್ತೆ.

“ನಾನೂ ಚೀಟಿ ಬರೀತೀನಿ ಅತ್ತೆ” ಅಂದೆ ಒಂದು ದಿನ.

“ಎಡಗಣ್ಣಿನ ಗಾಜು ಬಲಗಣ್ಣಿಗೆ ಕೂತರೆ ಗಿರಾಕಿ ಗೋಡೆಗೆ ಹೋಗಿ ಹೊಡ್ಕೋತಾನೆ” ಅಂದರು. “ಮೊದಲು ಅಕ್ಷರ ಕಲಿ.”

“ನೀವೇ ಕಲಿಸಿ.”

“ನನಗೆ ಕಲಿಸೋಕೆ ಬರಲ್ಲ, ಬೈಯೋಕೆ ಬರುತ್ತೆ. ಪುಸ್ತಕ ತಗೊಂಡು ಕಲಿ, ತಪ್ಪಾದಾಗ ನನ್ನ ಹತ್ರ ಬಾ.”

ಇದೆಲ್ಲ ಆದ ಮೇಲೆ ನಿನ್ನ ಕಾಗದ ಬಂತು. ಮೆಟ್ಟಿಲ ಮೇಲೆ ಕೂತು ಓದಿದೆ. ಅರ್ಜಿ ಬರೆಸಲು ಬಂದ ಮುದುಕ ‘ಬರೆದದ್ದನ್ನ ಒಂದ್ಸಲ ಓದಿ ಹೇಳಿ ರಾಯರೇ’ ಅಂದಾಗ ಅಪ್ಪ ಗಂಟಲು ಸರಿಮಾಡಿಕೊಂಡು, ಅವನ ನಲ್ಲಿ ನೀರಿನ ಅರ್ಜಿಯ ಬದಲು ಯಾರದೋ ವಿಧವಾ ವೇತನದ ಅರ್ಜಿಯನ್ನು ಗಂಭೀರವಾಗಿ ಒಪ್ಪಿಸಿದ್ದು, ಆ ಮುದುಕ ‘ನಾನಿನ್ನೂ ಸತ್ತಿಲ್ಲ ರಾಯರೇ’ ಅಂದದ್ದು, ಕಚೇರಿಯ ಮುಂದೆ ಕೂತಿದ್ದವರೆಲ್ಲ ನಕ್ಕಿದ್ದು. ಅಲ್ಲಿಂದಲೇ ನಿನಗೆ ವಿಷಯ ಗೊತ್ತಾದದ್ದು. ಓದಿ ಕಾಗದ ಮಡಿಸಿದೆ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ನಮ್ಮದೇ ಅಂತ ಗೊತ್ತಿರುತ್ತದೆ, ಆದರೆ ಕಚ್ಚಿದರೂ ತಿಳಿಯುವುದಿಲ್ಲ. ಹಾಗಿತ್ತು. ಕೆಳಗೆ ಬಂದು ಚಹಾ ಮಾಡಿದೆ, ಎಲ್ಲರಿಗೂ ಕೊಟ್ಟೆ, ಇವರ ಜೋಕಿಗೆ ನಕ್ಕೆ. ಆಮೇಲೆ ಬಸ್ ನಿಲ್ದಾಣದ ಹತ್ತಿರದ ಹಳೇ ಪುಸ್ತಕದಂಗಡಿಗೆ ಹೊರಟೆ. ಇವರು ಜೊತೆಗೆ ಬಂದರು, ಹೊಸ ಗಂಡ ಅಲ್ಲವೇ, ತರಕಾರಿಗೂ ಜೊತೆಗೆ ಬರುತ್ತಾರೆ.

ಮೊದಲನೆಯದು ಜೇಬಿನಲ್ಲಿ ಹಿಡಿಸುವ ಇಂಗ್ಲಿಷ್-ಚೀನೀ ನಿಘಂಟು. ನನಗೆ ಹೇಳಿ ಮಾಡಿಸಿದ್ದು ಅಂದುಕೊಂಡೆ. ಇಂಗ್ಲಿಷಿನಲ್ಲಿ ‘ಲೆಫ್ಟ್’ ಅಂತ ನೋಡಿದರೆ ಎದುರಿಗೆ ಅಕ್ಷರ. ಆದರೆ ಅಕ್ಷರ ಸಾಸಿವೆ ಕಾಳಿನಷ್ಟು. ಸಣ್ಣ ಅಕ್ಷರಗಳು ಪರವಾಗಿಲ್ಲ, ಕನ್ನಡಕ ಅನ್ನುವ ಪದಕ್ಕೆ ಬಂದರೆ ಇರುವೆ ಸತ್ತು ಅಂಟಿಕೊಂಡ ಹಾಗೆ. ಗೆರೆ ಎಲ್ಲಿ ಶುರು, ಎಲ್ಲಿ ಕೊನೆ, ದೇವರಿಗೇ ಗೊತ್ತು. ಕನ್ನಡಕದ ಅಂಗಡಿ ಸೊಸೆ ಭೂತಗನ್ನಡಿ ಹಿಡಿದು ಕನ್ನಡಕ ಅನ್ನುವ ಪದ ಓದುತ್ತಿದ್ದಾಳೆ ಅಂತ ಇವರು ಬೀದಿಗೆಲ್ಲ ಹೇಳಿಕೊಂಡು ಬಂದರು.

ಎರಡನೆಯದು ಇಟ್ಟಿಗೆಯಷ್ಟು ದಪ್ಪ. ಅಕ್ಷರಗಳೂ ದೊಡ್ಡವು, ನೋಡಿದರೆ ಗೌರವ ಬರುವಂಥದ್ದು. ಮನೆಗೆ ತಂದು, ಅತ್ತೆ ಬರೆದ ಒಂದು ಹಳೇ ಚೀಟಿ ಪಕ್ಕದಲ್ಲಿಟ್ಟುಕೊಂಡು ಹುಡುಕಲು ಕೂತೆ. ಇಡೀ ಮಧ್ಯಾಹ್ನ ಹೋಯಿತು. ಆ ನಿಘಂಟು ಉಚ್ಚಾರಣೆಯ ಕ್ರಮದಲ್ಲಿತ್ತು. ಅಕ್ಷರ ಕಣ್ಣೆದುರಿಗಿದೆ, ಅದನ್ನು ಹೇಗೆ ಉಚ್ಚರಿಸಬೇಕು ಅಂತ ಗೊತ್ತಿದ್ದರೆ ತಾನೇ ಹುಡುಕುವುದು. ಹೆಸರು ಗೊತ್ತಿಲ್ಲದವನ ಮನೆಯನ್ನು ಹೆಸರು ಹಿಡಿದು ಕೇಳುತ್ತಾ ಹೋದ ಹಾಗಾಯಿತು. ಮರುದಿನ ವಾಪಸು ಕೊಟ್ಟಾಗ ಪುಸ್ತಕದಂಗಡಿಯವರು ಕೇಳಿದರು: “ಮೇಡಂ, ಓದೋಕಾ ಬರೆಯೋಕಾ?”

“ಬರೆಯೋಕೆ.”

“ಓದೋಕೆ ಬೇಕಿಲ್ವಾ?”

“ನಾನು ಬರೀತೀನಿ, ಬೇರೆಯವರು ಓದ್ತಾರೆ.”

“ಒಳ್ಳೇ ಕೆಲಸ” ಅಂದರು. “ಜವಾಬ್ದಾರಿ ಇಲ್ಲ.”

ಅಂಗಡಿಯಲ್ಲಿ ಎಲ್ಲರೂ ನಕ್ಕರು. ಇವರು ನನ್ನ ಮುಖ ನೋಡಿದರು. ನಾನೂ ನಕ್ಕೆ. ನಗು ತಾನಾಗಿಯೇ ಬರುತ್ತದೆ ಅಕ್ಕಾ, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ.

ಪುಸ್ತಕದಂಗಡಿಯವರೇ ಮೂರನೆಯದು ಕೊಟ್ಟರು. ಅದರಲ್ಲಿ ಉಚ್ಚಾರಣೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಪ್ರತಿ ಅಕ್ಷರದೊಳಗೂ ಒಂದು ಯಜಮಾನ ತುಣುಕು ಇರುತ್ತದೆ, ಕಣ್ಣು, ನೀರು, ಲೋಹ, ಹೀಗೆ. ಆ ತುಣುಕಿನ ಪುಟಕ್ಕೆ ಹೋಗಿ, ಮಿಕ್ಕ ಗೆರೆಗಳನ್ನು ಎಣಿಸಿಕೊಂಡು ಹುಡುಕಬೇಕು. ನನಗೆ ಹುಚ್ಚು ಹಿಡಿಯಿತು. ತಟ್ಟೆ ತೊಳೆಯುವಾಗಲೂ ಗೆರೆ ಎಣಿಸುತ್ತಿದ್ದೆ. ಎಣಿಸುವಾಗ ಬೇರೆ ಏನೂ ತಲೆಗೆ ಬರುವುದಿಲ್ಲ, ಅದೇ ಅದರ ಸುಖ. ಎಡ ಮತ್ತು ಬಲ ಎರಡು ಅಕ್ಷರವೂ ಅವಳಿ ಜವಳಿ, ಮೇಲೆ ಒಂದೇ ತರಹ ಚಾಚಿದ ಕೈ. ಎಡದ ಕೆಳಗೆ ‘ಕೆಲಸ’ ಎನ್ನುವ ತುಣುಕು, ಬಲದ ಕೆಳಗೆ ‘ಬಾಯಿ’. ಎಡಕ್ಕೆ ಕೆಲಸ, ಬಲಕ್ಕೆ ಬಾಯಿ ಅಂತ ಜಪ ಮಾಡುತ್ತಾ ಮನೆಯೆಲ್ಲ ತಿರುಗಿದೆ. “ನಮ್ಮನೇಲೂ ಹಾಗೇ” ಅಂದರು ಅತ್ತೆ. “ಮಾಡೋರು ಒಂದು ಕಡೆ, ಮಾತಾಡೋರು ಒಂದು ಕಡೆ.” ಮಗನನ್ನು ನೋಡಿ ಹೇಳಿದರೋ ನನ್ನನ್ನು ನೋಡಿಯೋ, ಕೇಳಲಿಲ್ಲ.

ಆ ನಿಘಂಟು ನೋಡಿ ಒಂದು ಪೂರ್ತಿ ಚೀಟಿ ಬರೆದೆ. ಅಕ್ಕಾ, ಎಷ್ಟು ಶ್ರದ್ಧೆಯಿಂದ ಅಂತೀಯ. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ. ಅಡ್ಡಗೆರೆಯ ತುದಿಗೆಲ್ಲ ಅಚ್ಚಿನಲ್ಲಿ ಒಂದು ಸಣ್ಣ ತ್ರಿಕೋನ ಇರುತ್ತದೆ, ನಾನು ಅದನ್ನೂ ಬಿಡದೆ ಒಂದೊಂದಕ್ಕೂ ತ್ರಿಕೋನ ತಿದ್ದಿ ಒಳಗೆ ಮಸಿ ತುಂಬಿದೆ. ಕಿಂಡಿಯೊಳಗೆ ತಳ್ಳಿದೆ. ಯಂತ್ರ ನಿಂತಿತು. ಈ ಅಂಗಡಿಯಲ್ಲಿ ಯಂತ್ರ ನಿಂತರೆ ಬೀದಿಯವರೂ ತಿರುಗಿ ನೋಡುತ್ತಾರೆ. ಚಿಕ್ಕಮಾವ ಚೀಟಿ ಹಿಡಿದುಕೊಂಡು ಹೊರಗೇ ಬಂದರು.

“ಅತ್ತಿಗೆ, ಇದನ್ನ ಯಾವ ಪ್ರೆಸ್ಸಲ್ಲಿ ಅಚ್ಚು ಹಾಕಿಸಿದ್ರಿ? ಪ್ರತಿ ಗೆರೆಗೂ ಟೋಪಿ ಹಾಕಿದಾರೆ.”

ಅತ್ತೆ ನೋಡಿದರು. ಅವರ ಭುಜ ಕುಲುಕಿತು, ಮುಖ ಮಾತ್ರ ಗಂಭೀರ. “ಕೈಯಲ್ಲಿ ಬರೆಯೋರು ಯಾರೂ ಟೋಪಿ ಹಾಕಲ್ಲ ಹುಡುಗಿ. ಅದು ಅಚ್ಚಿನ ಮೊಳೆಗೆ. ಮತ್ತೆ ಕನ್ನಡಕ ಅನ್ನೋ ಪದದೊಳಗಿನ ಈ ಕನ್ನಡಿ ಅಕ್ಷರ ನಮ್ಮದಲ್ಲ, ಗೆರೆ ಕಡಿಮೆ ಮಾಡಿದ ಹೊಸ ಬಗೆ. ಅವಸರದವರ ಕನ್ನಡಿ, ಇದರಲ್ಲಿ ಅರ್ಧ ಮುಖ ಕಾಣುತ್ತೆ. ನಮಗೆ ಹಳೇದೇ ಬೇಕು.”

ನಾಲ್ಕನೆಯದೇ ಸರಿಯಾದದ್ದು. ಮಕ್ಕಳ ನಿಘಂಟು. ಹಳೇ ಬಗೆಯ ಅಕ್ಷರ, ಕೈಬರಹದ ರೂಪದಲ್ಲಿ, ಪ್ರತಿಯೊಂದಕ್ಕೂ ಮೊದಲು ಯಾವ ಗೆರೆ, ಆಮೇಲೆ ಯಾವುದು ಅಂತ ಬಿಡಿಸಿ ಬಿಡಿಸಿ ತೋರಿಸಿದ್ದಾರೆ. ಬದಿಯಲ್ಲಿ ಬಾತುಕೋಳಿ, ಛತ್ರಿ, ಚೆಂಡಿನ ಚಿತ್ರಗಳು. “ಮಗು ಯಾವ ಕ್ಲಾಸು?” ಅಂತ ಕೇಳಿದರು ಪುಸ್ತಕದಂಗಡಿಯವರು. “ಈಗ ತಾನೇ ಮದುವೆಯಾಗಿದೆ” ಅಂದರು ಇವರು. ನೋಡು, ಎಷ್ಟು ಚೆನ್ನಾಗಿದ್ದೇವೆ. ಅಪ್ಪನಿಗೆ ಇದನ್ನೆಲ್ಲ ಹೇಳು, ಓದಿ ಹೇಳು.

ಬುಧವಾರ, ಬೆಳಿಗ್ಗೆ

ನಿನ್ನೆ ‘ಓದಿ ಹೇಳು’ ಅಂತ ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಗಿರಾಕಿ ಬಂದರು ಅಂತ ನೆಪ ಮಾಡಿಕೊಂಡು ಕೆಳಗೆ ಹೋದೆ. ಇವತ್ತು ಮುಗಿಸುತ್ತೇನೆ.

ಅಪ್ಪನಿಗೆ ಕಳಿಸಿದ ಕನ್ನಡಕಗಳ ವಿಷಯ. ನೀನು ಕಾಗದದಲ್ಲಿ ಅದರ ಬಗ್ಗೆ ಏನೂ ಬರೆಯಲಿಲ್ಲ, ನನಗೆ ನೋವಾಗಬಾರದು ಅಂತ. ಮದುವೆಯಾದ ಹೊಸದರಲ್ಲಿ ‘ಅಪ್ಪ ಪೇಪರು ಹಿಡಿದುಕೊಂಡು ತುಂಬಾ ಹೊತ್ತು ಕೂತಿರ್ತಾರೆ, ಅಕ್ಷರ ಈಜಾಡತ್ತೆ ಅಂತಾರೆ’ ಎಂದು ನೀನು ಬರೆದಾಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ. ಮಗಳು ಸೇರಿದ್ದು ಕನ್ನಡಕದ ಮನೆ. ಇವರು ಹಳೇ ನಂಬರಿಗೆ ಒಂದು ಮಾಡಿಸಿ ಕಳಿಸಿದರು. ಆಮೇಲೆ ಸ್ವಲ್ಪ ಹೆಚ್ಚು ಪವರಿನದು. ಆಮೇಲೆ ದೊಡ್ಡ ಗಾಜಿನದು, ಕಪ್ಪು ಫ್ರೇಮು, ಚಿಕ್ಕಮಾವ ಹಬೆ ಹಿಡಿಯದ ಹಾಗೆ ಒರೆಸಿ ಒರೆಸಿ ಕೊಟ್ಟದ್ದು. ಪ್ರತಿ ಸಲವೂ ಅಪ್ಪ ತಮ್ಮ ಕೈಯಾರೆ ನನಗೆ ಬರೆದರು: ‘ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.’ ಅದೇ ಸುಂದರವಾದ ಅರ್ಜಿ ಬರಹ, ಒಂದು ಒತ್ತಕ್ಷರವೂ ಜಾರಿಲ್ಲ. ತಾವು ಬರೆದದ್ದನ್ನು ತಾವೇ ಓದಲಾರದೆ ಮಡಿಸಿ ಕವರಿಗೆ ಹಾಕಿ ಅಂಟಿಸಿದ್ದಾರೆ.

ನಿನ್ನ ಕಾಗದದ ವಿಷಯವನ್ನು ಇವರಿಗೆ ಹೇಳಿದೆ. ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲೆ ಅಕ್ಷರಗಳ ಹಲಗೆ ಬೆಳಗುತ್ತಿತ್ತು. “ಇನ್ನೊಂದು ಮಾಡಿ ಕಳಿಸೋಣ್ವಾ, ಬೇರೆ ತರಹದ ಗಾಜು?” ಅಂತ ಕೇಳಿದೆ. ಕೇಳಬಾರದಿತ್ತು ಅಂತ ಗೊತ್ತಿತ್ತು. ಇವರು ಹಲಗೆಯ ದೀಪ ಆರಿಸಿದರು.

“ನಾನು ನೋಡೋದು ಕಣ್ಣನ್ನ” ಅಂದರು. “ಕಣ್ಣಿನ ಹಿಂದೆ ಇರೋದಕ್ಕೆ ನನ್ನ ಹತ್ರ ನಂಬರಿಲ್ಲ.”

ನನ್ನ ಕೈ ಹಿಡಿದುಕೊಂಡರು. ನನ್ನ ಕೈ ಅಲ್ಲಿ ಇತ್ತು, ಅಷ್ಟೇ.

ಹೋದ ವಾರ ಒಂದು ಸಂಗತಿ ಆಯಿತು, ಅದನ್ನು ಹೇಳಲೇಬೇಕು. ಒಬ್ಬರಿಗೆ ವಿಶೇಷವಾದ ಗಾಜು ಬೇಕಿತ್ತು, ಅಪರೂಪಕ್ಕೆ ಕೇಳುವಂಥದ್ದು. ಅತ್ತೆಗೆ ಅದರ ಅಕ್ಷರ ಮರೆತುಹೋಯಿತು. ನಾನು ಸಂಭ್ರಮದಿಂದ ಬಾತುಕೋಳಿ ನಿಘಂಟು ತರಲು ಎದ್ದೆ. “ಕೂತ್ಕೋ” ಅಂದರು. ಕಣ್ಣು ಮುಚ್ಚಿದರು. ಎಡಗೈ ಅಂಗೈ ಬಿಚ್ಚಿ, ಅದರ ಮೇಲೆ ಬಲಗೈಯ ತೋರುಬೆರಳಿನಿಂದ ಗೀಚತೊಡಗಿದರು. ಅರ್ಧ ಬರೆದು ನಿಲ್ಲಿಸುವುದು, ಮತ್ತೆ ಮೊದಲಿನಿಂದ. ಮೂರನೆಯ ಸಲಕ್ಕೆ ಬೆರಳು ತಾನೇ ಓಡಿತು. ಕಣ್ಣು ತೆರೆದು ಚೀಟಿಯ ಮೇಲೆ ಬರೆದರು.

“ಏನ್ ಮಾಡಿದ್ರಿ ಅತ್ತೆ?”

“ಕಣ್ಣು ಮರೆತದ್ದನ್ನ ಬೆರಳನ್ನ ಕೇಳ್ದೆ. ಚಿಕ್ಕೋರಿದ್ದಾಗ ಎಲ್ಲಾ ಇಲ್ಲೇ ಬರೆಸಿದ್ರಲ್ಲ.”

ಆಗ ನಾನು ಅಪ್ಪನ ವಿಷಯ ಪೂರ್ತಿ ಹೇಳಿಬಿಟ್ಟೆ. ಇಂಗ್ಲಿಷ್ ಶಾಲೆಗೆ ಹಾಕಿದ್ದರಿಂದ ನನಗೆ ಮನೆಮಾತಿನ ಅಕ್ಷರ ಬರಲಿಲ್ಲ, ಅಪ್ಪನೇ ಭಾನುವಾರ ಕೂರಿಸಿಕೊಂಡು ನನ್ನ ಬೆರಳು ಹಿಡಿದು ಹಿಟ್ಟಿನ ತಟ್ಟೆಯಲ್ಲಿ ತಿದ್ದಿಸಿದ್ದು. ಅರ್ಜಿ ಬರೆದು ಬರೆದು ಗಂಟಾದ ಅವರ ಬೆರಳು ನನ್ನ ಬೆರಳ ಮೇಲೆ ಭಾರವಾಗಿ ಇದ್ದದ್ದು. ಈಗ ಅದೇ ಅಕ್ಷರ ಅವರಿಗೆ ಗೋಡೆಯ ಮೇಲಿನ ಬಿರುಕಿನ ಹಾಗೆ ಕಾಣುವುದು. ಎಲ್ಲ ಹೇಳಿದೆ, ಸಿನೆಮಾ ಕಥೆ ಹೇಳಿದ ಹಾಗೆ.

ಅತ್ತೆ ಕೇಳಿಸಿಕೊಂಡು, ಸೊಳ್ಳೆ ಓಡಿಸುವ ಹಾಗೆ ಕೈಯಾಡಿಸಿದರು. “ಹಾಗಿದ್ದ ಮೇಲೆ ಇಲ್ಲಿ ಕೂತು ನನ್ನ ಅಕ್ಷರ ಯಾಕೆ ಕಲೀತಿದ್ದೀಯ?”

“ಅಪ್ಪನಿಗೆ ನಾನು ಬರೋದು ಇಷ್ಟ ಇಲ್ಲ ಅತ್ತೆ. ‘ಅವಳು ನಗ್ತಾ ಇರಲಿ, ಅವಳಿಗೆ ಹೇಳ್ಬೇಡ’ ಅಂತ ಅಕ್ಕನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ನಾನು ಹೋದ್ರೆ ಅವರಿಗೆ ಗೊತ್ತಾಗುತ್ತೆ, ನನಗೆ ಗೊತ್ತು ಅಂತ. ಅದುವರೆಗೂ ಅವರು ನನ್ನ ಪಾಲಿಗೆ ಓದಬಲ್ಲ ಅಪ್ಪ.”

“ಗೊತ್ತಾಗ್ಲಿ. ನಿಮ್ಮಪ್ಪ ಏನು ಗಾಜಾ, ಒಡೆದುಹೋಗೋಕೆ?”

“ಮತ್ತೆ ನಾನೀಗ ತಾನೇ ಚೀಟಿ ಬರೆಯೋಕೆ ಶುರು ಮಾಡಿದ್ದು…”

“ನೀನು ಬರೋಕೆ ಮುಂಚೆ ಈ ಬೀದಿಯವರೆಲ್ಲ ಕುರುಡರಾಗಿದ್ರು ಅಂದ್ಕೊಂಡ್ಯಾ?”

ಮಾತಿಗೆ ಮಾತು. ಆದರೆ ಸಂಜೆ ನಾನು ಕಪಾಟು ತೆಗೆದರೆ ನನ್ನ ಪ್ರಯಾಣದ ಚೀಲ ಕೆಳಗಿಳಿದಿತ್ತು, ಧೂಳು ಒರೆಸಿತ್ತು.

ಅಕ್ಕಾ, ಅಪ್ಪನ ಅಂಗೈಯಲ್ಲಿ ಬರೆದರೆ ಅವರಿಗೆ ಗೊತ್ತಾಗುತ್ತದೋ ಇಲ್ಲವೋ ನನಗೆ ತಿಳಿಯದು. ಇವರು ಪರಿಚಯದ ಡಾಕ್ಟರೊಬ್ಬರನ್ನು ಕೇಳಿದರು. ಕೆಲವರಿಗೆ ಬೆರಳಿನ ದಾರಿಯಿಂದ ಒಂದೊಂದಾಗಿ ಅಕ್ಷರ ವಾಪಸು ಬರುವುದುಂಟು, ಕೆಲವರಿಗೆ ಇಲ್ಲ, ಆಸೆ ತೋರಿಸಬೇಡಿ ಎಂದರಂತೆ. ತೋರಿಸುವುದಿಲ್ಲ. ನೀನೂ ಅಪ್ಪನಿಗೆ ಈ ಬಗ್ಗೆ ಏನೂ ಹೇಳಬೇಡ. ಸುಮ್ಮನೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತೇನೆ. ಮದುವೆಯಾದ ಮಗಳು ತವರಿಗೆ ಬಂದು ಅಪ್ಪನ ಕೈ ಹಿಡಿದುಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ಅವರು ಕಣ್ಣು ಮುಚ್ಚಲು ಒಪ್ಪಿದರೆ ಒಂದು ಅಕ್ಷರ ಬರೆದು ನೋಡುತ್ತೇನೆ. ಒಪ್ಪದಿದ್ದರೆ ಅದೂ ಸರಿಯೇ.

ಅವರ ಎದುರು ಅಳು ಬಂದರೆ ಏನು ಮಾಡಲಿ ಅಂತ ಭಯವಿಲ್ಲ. ಬರದಿದ್ದರೆ ಏನು ಅಂತ ಭಯ. ನಿನ್ನ ಕಾಗದ ಬಂದಾಗಿನಿಂದ ನಾನು ಒಂದೇ ಸಮನೆ ಚೆನ್ನಾಗಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟಿಗೆ ನನ್ನ ಪರವಾಗಿ ಎರಡು ಕೆನ್ನೆಗೂ ಮುತ್ತು ಕೊಡು, ಅವಳಿಗೆ ಬಾತುಕೋಳಿ ತೋರಿಸಬೇಕು. ಅತ್ತೆ ನಿಮಗೆಲ್ಲ ಒಳ್ಳೆಯದಾಗಲಿ ಎನ್ನುತ್ತಿದ್ದಾರೆ, ಬೈಗುಳದ ದನಿಯಲ್ಲೇ. ಇವರು ನಿನಗೆ ‘ಹೆದರಬೇಡಿ ಅಂತ ಬರಿ’ ಎಂದರು. ಬರೆದಿದ್ದೇನೆ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ನಿನ್ನ ಕಾಗದದ ಕೊನೆಯಲ್ಲಿ, ಸಹಿಯ ಕೆಳಗೆ, ನೀನು ಸಣ್ಣದಾಗಿ ಬರೆದದ್ದನ್ನು ನಾನು ಇವರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ಇಷ್ಟು ತಿಂಗಳೂ ನನ್ನ ಕಾಗದ ಬಂದಾಗಲೆಲ್ಲ ಅಪ್ಪ ಅದನ್ನು ಯಾರ ಕೈಗೂ ಕೊಡದೆ ತಾವೇ ಬಿಚ್ಚಿ, ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು ಅಂತ. ಸರಿಯಾದ ಜಾಗದಲ್ಲಿ ಪುಟ ತಿರುಗಿಸುತ್ತಿದ್ದರು ಅಂತ. ನಿಜ ತಿಳಿದ ಮೇಲೆ ನೀನು ಆ ಕಾಗದಗಳನ್ನೆಲ್ಲ ತೆಗೆದು ನೋಡಿದೆಯಂತೆ, ಅಪ್ಪ ಓದಿದ್ದರಲ್ಲಿ ಒಂದು ಮಾತೂ ಅಲ್ಲಿರಲಿಲ್ಲವಂತೆ. ನಾನು ಬರೆದದ್ದು ಪರದೆಯ ಬಣ್ಣ, ಇವರ ಗೊರಕೆ, ನನ್ನ ಹೊಸ ಚಪ್ಪಲಿ. ಅಪ್ಪ ಓದಿದ್ದರಲ್ಲಿ ಮಾತ್ರ ಪ್ರತಿ ಸಲವೂ ಕೊನೆಗೆ ಒಂದು ಸಾಲು ಇರುತ್ತಿತ್ತಂತೆ: ‘ಅಪ್ಪಾ, ನಿಮ್ಮನ್ನು ನೋಡಬೇಕು ಅನಿಸುತ್ತಿದೆ.’

ಅದನ್ನು ನಾನು ಒಂದು ಕಾಗದದಲ್ಲೂ ಬರೆದಿರಲಿಲ್ಲ ಅಕ್ಕಾ. ಬರೆಯಬೇಕು ಅಂತ ಹೊಳೆದೂ ಇರಲಿಲ್ಲ.

ಈ ಕಾಗದವನ್ನು ನೀನು ಓದಿದ ಮೇಲೆ ಮೊದಲಿನಂತೆ ಮಡಿಸಿ ಅಪ್ಪನ ಕೈಗೆ ಕೊಡು. ನಡುಮನೆಯಲ್ಲಿ ಕೂತು ಓದಲಿ, ನೀವೆಲ್ಲ ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಓದಿ ಮುಗಿದ ಮೇಲೆ, ಕೆಳಗೆ ಇನ್ನೂ ಒಂದು ಸಾಲಿದೆ ಅಂತ ಹೇಳಿ ಅದನ್ನು ನೀನೇ ಓದು: ಈ ಶನಿವಾರವಲ್ಲ, ಅದರ ಮುಂದಿನ ಶನಿವಾರ, ಬೆಳಗಿನ ಏಳೂವರೆಯ ಪ್ಯಾಸೆಂಜರ್ ಗಾಡಿಗೆ ಬಂದಿಳಿಯುತ್ತೇನೆ.